ಸ್ವಂತ ಮೊಬೈಲಿನ್ಯಾಗ ಕಂಪನಿ ಆ್ಯಪ್, ಮುಖದ ಹಜೇರಿ, ದಿನಪೂರ್ತಿ ಲೊಕೇಶನ್: ಸಹಿ ಮಾಡಬೇಕೋ ಬ್ಯಾಡೋ?

ಗೇಜ್_ಬೆಳಗಾವಿ
ಎಲ್ಲಾರಿಗೂ ನಮಸ್ಕಾರ್ರಿ. ನಾನು ಬೆಳಗಾವಿ ಉದ್ಯಮಬಾಗದಾಗ ಸಿಎನ್‌ಸಿ ಪಾರ್ಟ್ಸ್ ಮಾಡೋ ಒಂದು ಕಾರಖಾನಿಯೊಳಗ ಕ್ವಾಲಿಟಿ ಇನ್ಸ್‌ಪೆಕ್ಷನ್ ನೋಡ್ತೀನಿ. ಕಂಪನಿ ಹೆಸರು ಬ್ಯಾಡ. ಸುಮಾರು ನೂರಾ ಇಪ್ಪತ್ತು ಮಂದಿ ಅದೀವಿ, ಅರ್ಧಕ್ಕರ್ಧ ಕಾಂಟ್ರಾಕ್ಟ್.

ಗೇಟಿನ್ಯಾಗ, ಸ್ಟೋರಿನ್ಯಾಗ ಮೊದಲಿಂದ ಕ್ಯಾಮೆರಾ ಅದಾವ, ಅದಕ್ಕ ಯಾರದೂ ತಕರಾರಿಲ್ಲ. ಈಗ ಬೆರಳಿನ ಮಷಿನ್ ತಗದು, ನಮ್ಮ ನಮ್ಮ ಮೊಬೈಲಿನ್ಯಾಗ ಆ್ಯಪ್ ಹಾಕ್ಕೊಂಡು ಮುಖ ತೋರಿಸಿ ಹಜೇರಿ ಹಚ್ಚಬೇಕಂತ. ಲೊಕೇಶನ್ ‘ಯಾವಾಗಲೂ’ ಅಂತ ಕೊಟ್ರಷ್ಟೇ ಆ ಆ್ಯಪ್ ತೆರೀತದ. ಕಾಂಟ್ಯಾಕ್ಟ್ಸ್, ಮೈಕ್ ಸುದ್ದಾ ಕೇಳ್ತದ. ಹೊಸಾ ಕ್ಯಾಮೆರಾದಾಗ ಮಾತೂ ರೆಕಾರ್ಡ್ ಆಗ್ತದ ಅಂತ ಅದನ್ನ ಕುಂದ್ರಸಾಕ ಬಂದ ಹುಡುಗ ಹೇಳಿದ. ಇನ್ನ ಹೆಣ್ಮಕ್ಕಳು ಬಟ್ಟಿ ಬದಲಿಸೋ ಖೋಲಿ ಮುಂದಿನ ಪ್ಯಾಸೇಜಿನ್ಯಾಗ ಒಂದು ಕ್ಯಾಮೆರಾ ಹಚ್ಯಾರ.

ಶನಿವಾರದೊಳಗ ಒಂದು ಹಾಳಿ ಮ್ಯಾಲ ಸಹಿ ಮಾಡಿ ಕೊಡ್ರಿ ಅಂದಾರ. ಪೂರಾ ಇಂಗ್ಲಿಷಿನ್ಯಾಗ ಐತಿ. ಓದಿಸಿ ನೋಡಿದ್ರ, ನಮ್ಮ ಎಲ್ಲಾ ಮಾಹಿತಿಯನ್ನ ಕಂಪನಿ ಯಾವುದೇ ಉದ್ದೇಶಕ್ಕ ಬಳಸಬಹುದು, ಯಾರಿಗೆ ಬೇಕಾದ್ರೂ ಕೊಡಬಹುದು ಅಂತ ಬರದಾರ. ಸಹಿ ಇಲ್ಲಂದ್ರ ಪಗಾರ ತಡೀತೀವಿ ಅಂತ ಸುಪರವೈಸರ್ ಬಾಯಿಮಾತಿಲೆ ಹೇಳ್ಯಾರ.

ಪಾಳಿ ಮುಗದ ಮ್ಯಾಲ ನಾ ಎಲ್ಲಿ ಅದೀನಿ ಅನ್ನೋದು ಅವರಿಗ್ಯಾಕ ಬೇಕು? ಕಾನೂನು ಏನ್ ಹೇಳ್ತದ, ಸಹಿ ಮಾಡೋ ಮೊದಲ ಏನೇನು ಕೇಳಬೇಕು, ಗೊತ್ತಿದ್ದವರು ಹೇಳ್ರಿ.

ಮಚ್ಛೆ_ಟರ್ನರ್
ಸಹಿ ಮಾಡಬ್ಯಾಡ್ರಿ. ನಾವು ಮಾಡಿ ಈಗ ಅನುಭವಿಸಾಕತ್ತೀವಿ. ನಮ್ಮಲ್ಲೂ ಇಂಥದ್ದೇ ಆ್ಯಪ್. ಐತವಾರ ಹೆಂಡತಿ ತವರಿಗೆ ಗೋಕಾಕಕ್ಕ ಹೋಗಿದ್ದೆ. ಸೋಮವಾರ ಬಂದಾಗ ಸುಪರವೈಸರ್ ಎಲ್ಲರ ಮುಂದ “ಏನೋ, ನಿನ್ನೆ ಗೋಕಾಕದಾಗ ಇದ್ದೆಲ್ಲಾ, ಓವರ್‌ಟೈಮ್ ಕೇಳಿದ್ರ ಆರಾಮಿಲ್ಲ ಅಂದಿದ್ದಿ” ಅಂದ. ನಮ್ಮ ಮಾವನ್ನ ದವಾಖಾನಿಗೆ ತೋರಸಾಕ ಹೋಗಿದ್ದೆ. ಅದನ್ನ ಅವಗ್ಯಾಕ ನಾ ಹೇಳಬೇಕು? ವಾರದ ರಜಾ ನಂದು.

ಖಡೇಬಜಾರ್
ನಮ್ಮ ದುಕಾನದಾಗೂ ಮಾಲಕರು ಮನಿಯೊಳಗ ಕುಂತು ಮೊಬೈಲಿನ್ಯಾಗ ನೋಡ್ತಾರ. ಚಹಾ ಕುಡ್ಯಾಕ ಹೋದ್ರೂ ಫೋನ್ ಬರ್ತದ.

ಹೊನಗಾ_ವರ್ಕ್‌ಶಾಪ್
ಎಲ್ಲಾ ಮಾಲಕರನ್ನ ಒಂದ ತಕ್ಕಡಿಯೊಳಗ ತೂಗಬ್ಯಾಡ್ರಿ. ನಂದೂ ಒಂದು ಸಣ್ಣ ಯುನಿಟ್ ಐತಿ. ಲೋಹ ಕತ್ತರಿಸೋ ಕಾರ್ಬೈಡ್ ಇನ್ಸರ್ಟ್ ಡಬ್ಬಿ ಎಷ್ಟಕ್ಕ ಬರ್ತದ ಅಂತ ಟರ್ನರ್ ಅಣ್ಣಾರಿಗೇ ಗೊತ್ತು. ವರ್ಷಾ ಸ್ಟಾಕ್ ನೋಡಿದಾಗ ಕಡಿಮಿ ಬಂದ್ರ ಯಾರನ್ನ ಕೇಳೂಣು? ಒಬ್ಬನ ಕಾರ್ಡು ಇನ್ನೊಬ್ಬ ಹಚ್ಚೋದು ನಿಂತಿದ್ದು ಬೆರಳಿನ ಮಷಿನ್ ಬಂದ ಮ್ಯಾಲ. ದೊಡ್ಡ ಗಿರಾಕಿಗಳು ಆಡಿಟಿಗೆ ಬಂದಾಗ ಯಾವ ಪೀಸು ಯಾರ ಕೈಯಾಗ, ಯಾವ ಪಾಳಿಯೊಳಗ ಆತು ಅಂತ ಕೇಳ್ತಾರ. ಲೆಕ್ಕ ಇಲ್ಲಂದ್ರ ಆರ್ಡರ್ ಹೋಗ್ತದ.

ಇನ್ನೊಂದು ಮಾತು. ನಮ್ಮ ಒಬ್ಬ ಹುಡುಗನ ಬೆರಳು ಪ್ರೆಸ್ಸಿನ್ಯಾಗ ಸಿಕ್ಕಿತ್ತು. ಅವನೇ ಗಾರ್ಡ್ ತಗದಿದ್ದ ಅಂತ ಎಲ್ಲಾರೂ ಅಂದ್ರು. ಕ್ಯಾಮೆರಾ ನೋಡಿದ್ರ ಗಾರ್ಡ್ ಇದ್ದಲ್ಲೇ ಇತ್ತು, ಮಷಿನ್ ತಾನಾಗೇ ಎರಡನೇ ಸಲ ಇಳದಿತ್ತು. ಆ ವಿಡಿಯೋದಿಂದ ಆ ಹುಡುಗನ ಮ್ಯಾಲಿನ ಆರೋಪ ಹೋತು, ಇಎಸ್‌ಐ ಕಾಗದಾನೂ ತಕರಾರಿಲ್ಲದ ಆದುವು. ಕ್ಯಾಮೆರಾ ಕೆಲಸಗಾರನ ಕಡೀನೂ ಸಾಕ್ಷಿ ಹೇಳ್ತದ್ರಿ.

ಮಚ್ಛೆ_ಟರ್ನರ್
ಸಾಹೇಬ್ರ, ಮಷಿನ್ ಮ್ಯಾಲ ಕ್ಯಾಮೆರಾ ಬ್ಯಾಡ ಅಂತ ಇಲ್ಲಿ ಯಾರಂದಾರ? ಗೇಜ್ ಅಣ್ಣಾನೂ ಅಂದಿಲ್ಲ. ಗೋಕಾಕದಾಗ ನಿಮ್ಮ ಇನ್ಸರ್ಟ್ ಡಬ್ಬಿ ಇರಂಗಿಲ್ಲ.

ಹೊನಗಾ_ವರ್ಕ್‌ಶಾಪ್
ಅದನ್ನ ಒಪ್ತೀನಿ. ಮನಿಗೆ ಹೋದ ಮ್ಯಾಲ ಲೊಕೇಶನ್ ನೋಡೋದು ತಪ್ಪು. ನಮ್ಮಲ್ಲೆ ಅದಿಲ್ಲ.

ರಾಣಿಚನ್ನಮ್ಮ_ಓದುಗ
2017ರ ಆಗಸ್ಟ್ 24ಕ್ಕ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದಾರಲ್ರಿ. ಆ ದಾವೆ ಹಾಕಿದ ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. ಅಷ್ಟ ಸಾಕು, ಕಂಪನಿ ಏನೂ ಮಾಡಾಕ ಬರಂಗಿಲ್ಲ.

ಟಿಳಕವಾಡಿ_ವಕೀಲೆ
ಅಷ್ಟು ಸಲೀಸಿಲ್ಲ ತಮ್ಮಾ. ಆ ತೀರ್ಪು ಮುಖ್ಯವಾಗಿ ಸರ್ಕಾರದ ಎದುರು ನಮಗಿರುವ ಹಕ್ಕನ್ನು ಹೇಳುತ್ತದೆ. 2023ರ ಜನವರಿಯ ಕೌಶಲ್ ಕಿಶೋರ್ ಪ್ರಕರಣದಲ್ಲಿ ಸಂವಿಧಾನದ 19 ಮತ್ತು 21ನೇ (ಸ್ವಾತಂತ್ರ್ಯ, ಬದುಕಿನ ಹಕ್ಕಿನ) ವಿಧಿಗಳನ್ನು ಖಾಸಗಿಯವರ ವಿರುದ್ಧವೂ ಎತ್ತಬಹುದು ಎಂದು ಬಹುಮತದ ತೀರ್ಪು ಬಂತು, ನಿಜ. ಆದರೆ ಒಬ್ಬ ಇನ್ಸ್‌ಪೆಕ್ಟರ್ ಕೆಲಸದ ಹುಡುಗ ಆ ದಾರಿ ಹಿಡಿದು ಧಾರವಾಡ ಪೀಠದ ತನಕ ಹೋಗಿ ಗೆಲ್ಲುವ ಹೊತ್ತಿಗೆ ಕೆಲಸ ಉಳಿದಿರುವುದಿಲ್ಲ. ಕೈಗೆಟುಕುವ ಕಾನೂನು ಯಾವುದು ಅಂತ ನೋಡೋಣ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಎಲ್ಲರೂ ಹೆಸರಿಸುತ್ತಾರೆ, ಅದರ 7ನೇ ಸೆಕ್ಷನ್ ಓದುವವರು ಕಡಿಮೆ. ಉದ್ಯೋಗದ ಉದ್ದೇಶಕ್ಕೆ, ಅಥವಾ ಮಾಲೀಕರಿಗೆ ನಷ್ಟ ಆಗದಂತೆ ತಡೆಯಲು, ನೌಕರನ ಒಪ್ಪಿಗೆ ಇಲ್ಲದೆಯೇ ಅವನ ಮಾಹಿತಿ ಬಳಸಬಹುದು ಅಂತ ಅಲ್ಲಿ ಬರೆದಿದೆ. ನನ್ನ ಬಗ್ಗೆ ಏನೇನು ಇಟ್ಟುಕೊಂಡಿದ್ದೀರಿ ಅಂತ ಕೇಳುವ ಹಕ್ಕು 11ನೇ ಸೆಕ್ಷನ್‌ನಲ್ಲಿದೆ, ಅದು ಸಿಗುವುದು ಒಪ್ಪಿಗೆ ಕೊಟ್ಟು ಒಪ್ಪಿಸಿದ ಮಾಹಿತಿಗೆ. ಒಪ್ಪಿಗೆ ಕೇಳದೆ ತಗೊಂಡ ಮಾಹಿತಿಗೆ ಆ ಬಾಗಿಲೂ ಮುಚ್ಚಿದ ಹಾಗೆ. ಕೆಲಸಗಾರನ ವಿಷಯದಲ್ಲಿ ಈ ಕಾಯ್ದೆ ಮಾಲೀಕರ ಕಡೆ ವಾಲಿದೆ ಅಂತ ನಾನು ಮುಲಾಜಿಲ್ಲದೆ ಹೇಳುತ್ತೇನೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಭಾಗ ಜಾರಿಗೆ ಬರುವುದು 18 ತಿಂಗಳ ನಂತರ, ಅಂದರೆ 2027ರ ಮೇ.

ಆದರೆ ಗೇಜ್ ಅವರ ಹಾಳೆ ಆ ವಿನಾಯಿತಿಯ ಒಳಗೂ ಕೂರುವುದಿಲ್ಲ. ಹಜೇರಿ ಉದ್ಯೋಗದ ಉದ್ದೇಶ, ಸರಿ. ನಿಮ್ಮ ಮೊಬೈಲಿನ ಕಾಂಟ್ಯಾಕ್ಟ್ಸ್ ಯಾವ ಉದ್ಯೋಗಕ್ಕೆ? ‘ಯಾವುದೇ ಉದ್ದೇಶ’ ಅನ್ನುವ ಮಾತನ್ನು ಆ ಕಾಯ್ದೆಯೂ ಒಪ್ಪುವುದಿಲ್ಲ.

ಹೊಸ ಕಾಯ್ದೆ ಪೂರ್ತಿ ಜಾರಿಯಾಗುವವರೆಗೆ ಐಟಿ ಕಾಯ್ದೆಯ 43ಎ ಮತ್ತು 2011ರ ನಿಯಮಗಳು ಉಸಿರಾಡುತ್ತಿವೆ. ಬೆರಳಚ್ಚು, ಮುಖದ ಅಳತೆ ಇವೆಲ್ಲ ಅಲ್ಲಿ ಸೂಕ್ಷ್ಮ ಮಾಹಿತಿ. ಕಂಪನಿ ಲಿಖಿತ ಒಪ್ಪಿಗೆ ತಗೋಬೇಕು, ಯಾತಕ್ಕೆ ಅಂತ ಹೇಳಬೇಕು, ಬೇಕಾದ್ದಕ್ಕಿಂತ ಹೆಚ್ಚು ದಿನ ಇಟ್ಟುಕೊಳ್ಳಬಾರದು, ಕೊಟ್ಟ ಒಪ್ಪಿಗೆಯನ್ನು ನೌಕರ ಹಿಂದಕ್ಕೆ ಪಡೆಯಬಹುದು. ನಿಮ್ಮ ಸಹಿ ಅವರಿಗೆ ಬೇಕಾಗಿರುವುದೂ ಇದೇ ಕಾರಣಕ್ಕೆ. ಹಾಗಾಗಿ ಆ ಸಹಿಗೆ ಬೆಲೆ ಇದೆ, ಸುಮ್ಮನೆ ಕೊಡಬೇಡಿ.

ಪಗಾರದ ವಿಷಯ: ವೇತನ ಸಂಹಿತೆಯ ಪ್ರಕಾರ ತಿಂಗಳ ಪಗಾರ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಲೇಬೇಕು. ಯಾವ ಯಾವ ಕಾರಣಕ್ಕೆ ಕಡಿತ ಮಾಡಬಹುದು ಅಂತ ಪಟ್ಟಿ ಇದೆ, ಆ್ಯಪ್ ಹಾಕದ್ದು ಅದರಲ್ಲಿಲ್ಲ.

ಶಹಾಪುರ_ಅಕ್ಕ
ಎಲ್ಲಾರೂ ಲೊಕೇಶನ್ ಲೊಕೇಶನ್ ಅನ್ನಾಕತ್ತೀರಿ. ಆ ಬಟ್ಟಿ ಬದಲಿಸೋ ಖೋಲಿ ಕ್ಯಾಮೆರಾ ಬಗ್ಗೆ ಒಬ್ಬರೂ ಯಾಕ ಮಾತಾಡವಲ್ರಿ?

ನಾನೂ ಗಾರ್ಮೆಂಟ್ಸಿನ್ಯಾಗ ದುಡದಾಕಿ. ಪ್ಯಾಸೇಜಿನ್ಯಾಗ ಕ್ಯಾಮೆರಾ ಇದ್ರ ಯಾರು ಎಷ್ಟು ಸಲ ಒಳಗ ಹೋದ್ರು, ಎಷ್ಟೊತ್ತು ಕುಂತ್ರು ಅಂತ ಲೆಕ್ಕ ಆಗ್ತದ. ಮುಟ್ಟಿನ ದಿನ ಹೆಚ್ಚು ಸಲ ಹೋದ್ರ ಅದಕ್ಕೂ ಮಾತು ಕೇಳ್ಬೇಕು. ಬಾಗಲ ತೆರದಾಗ ಒಳಗಿಂದು ಕಾಣ್ತದೋ ಇಲ್ಲೋ ಅಂತ ಪರದೆ ನೋಡಿದವಗ ಅಷ್ಟ ಗೊತ್ತು. ನೀರು ಕುಡೀದ ಕುಂದ್ರತಿದ್ವಿ ನಾವು, ಪಾಳಿ ಮುಗಿಯೋತನ. ಗೇಜ್ ತಮ್ಮಾ, ಬಾಕಿದ್ದೆಲ್ಲಾ ಆಮ್ಯಾಗ. ಅದನ್ನ ಮೊದಲ ತಗಸ್ರಿ.

ಟಿಳಕವಾಡಿ_ವಕೀಲೆ
ಅಕ್ಕಾರು ಹೇಳಿದ್ದೇ ಮೊದಲ ಕೆಲಸ. ಬಾಗಿಲು ತೆರೆದಾಗ ಒಳಗೆ ಕಾಣುತ್ತದೆ ಅಂತಾದರೆ ಇದು ಕ್ರಿಮಿನಲ್ ವಿಷಯ. ಐಟಿ ಕಾಯ್ದೆಯ 66ಇ ಅಡಿ 3 ವರ್ಷದ ತನಕ ಜೈಲು, ಭಾರತೀಯ ನ್ಯಾಯ ಸಂಹಿತೆಯ 77 ಅಡಿ ಮೊದಲ ಸಲಕ್ಕೇ ಕನಿಷ್ಠ 1 ವರ್ಷ. ಒಳಗೆ ಕಾಣದಿದ್ದರೂ ಅದನ್ನು ಅಲ್ಲಿ ಇಡಲು ಏನು ಕಾರಣ ಅಂತ ಮಹಿಳಾ ದೂರು ಸಮಿತಿಯಲ್ಲಿ ಕೇಳಬಹುದು. ಹತ್ತು ಅಥವಾ ಹೆಚ್ಚು ಮಂದಿ ಇರುವ ಕಡೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಪ್ರಕಾರ ಆ ಸಮಿತಿ ಇರಲೇಬೇಕು.

ಫೌಂಡ್ರಿ_ಕಾಕಾ
ಬೆರಳಿನ ಮಷಿನ್ ತಗದ್ರ ಛಲೋ ಆತು ಅಂತೀನಿ ನಾ. ಫೆಟ್ಲಿಂಗಿನ್ಯಾಗ (ಎರಕದ ಅಂಚು ಉಜ್ಜೋ ಕೆಲಸ) ಗ್ರೈಂಡರ್ ಹಿಡದು ಹಿಡದು ನನ್ನ ಬೆರಳಿನ ಗೆರಿ ಸವದು ಹೋಗ್ಯಾವ. ರೇಶನ್ ಅಂಗಡ್ಯಾಗೂ ತಗೊಳ್ಳಂಗಿಲ್ಲ, ಗೇಟಿನ್ಯಾಗೂ ತಗೊಳ್ಳಂಗಿಲ್ಲ. ಹಾಜರಿದ್ದ ದಿನಾನೂ ಗೈರು ಬಿದ್ದಾವ. ಟೈಮ್ ಆಫೀಸಿಗೆ ಹೋಗಿ ಕೈ ತೋರಿಸಿ ತಿದ್ದಿಸಬೇಕು. ಮುಖದ್ದಾದ್ರ ಬರ್ತದೇನೋ ನೋಡೂಣು.

ವಡಗಾವಿ_ಮಗ್ಗ
ಕಾಕಾ, ಪಾಳಿ ಮುಗಿಸಿ ಮಸಿ ಮೆತ್ತಿದ ಮುಖ ಅದಕ್ಕ ಗುರುತು ಹತ್ತತದೇನ್ರಿ? ನಮ್ಮ ಕಾಕನ ಮಗಗ ಗಡ್ಡ ಬಿಟ್ರ ಹತ್ತಿಲ್ಲ.

ಹುನಗುಂದ_ಅಂಗನವಾಡಿ
ಮುಖದ್ದು ಹತ್ತತದ ಅನ್ನೋ ಭರವಸೆ ಇಟಗೋಬ್ಯಾಡ್ರಿ ಕಾಕಾ. ನಾನು ಬಾಗಲಕೋಟಿ ಜಿಲ್ಲಾದಾಕಿ. ನಮಗ ಅಂಗನವಾಡಿ ಲೆಕ್ಕ ಇಡೋ ಪೋಷಣ್ ಟ್ರ್ಯಾಕರ್ ಆ್ಯಪ್ ಬಂದದ್ದು 2021ರಾಗ. 2025ರ ಜುಲೈದಿಂದ ಮನಿಗೆ ಒಯ್ಯೋ ಆಹಾರ ಕೊಡಾಕ ತಾಯಂದಿರ ಮುಖಾನೂ ತಗೀಬೇಕು. ಬಸುರಿ ಹೆಣ್ಮಗಳು ಬಿಸಲಾಗ ನಿಂತಿರ್ತಾಳ, ನೆಟ್‌ವರ್ಕ್ ಇರಂಗಿಲ್ಲ, ಓಟಿಪಿ ಗಂಡನ ಮೊಬೈಲಿಗೆ ಹೋಗಿರ್ತದ, ಅಂವ ಗೋವಾದಾಗ ಕೆಲಸಕ್ಕ ಇರ್ತಾನ. ಮುಖ ಹತ್ತಲಿಲ್ಲ ಅಂದ್ರ ತಪ್ಪು ಮಷಿನ್ನಿಂದಲ್ಲ, ನಮ್ಮದು. ಮ್ಯಾಲಿನವರಿಗೆ ಸೊನ್ನಿ ಕಾಣ್ತದ, ನಾವು ಬಿಸಲಾಗ ನಿಂತದ್ದು ಕಾಣಂಗಿಲ್ಲ.

ಇಂಡಿ_ಕಾಯಕಬಂಧು
ಖಾತ್ರಿ ಕೆಲಸದಾಗೂ ಇದ ಕಥಿ ಅಕ್ಕಾರ. 2023ರ ಜನವರಿ 1ರಿಂದ ಹಜೇರಿ ಹಚ್ಚೋ ಎನ್‌ಎಂಎಂಎಸ್ ಆ್ಯಪಿನ್ಯಾಗ ದಿನಕ್ಕ ಎರಡು ಸಲ ಫೋಟೋ ಕಡ್ಡಾಯ ಆತು. ಮುಂಜಾನೆ ಮಣ್ಣು ಹೊತ್ತು ತಮ್ಮ ಪಾಲಿನ ಅಳತಿ ಮುಗಿಸಿದವ್ರೂ ಎರಡನೇ ಫೋಟೋಕ್ಕ ಕಾಯಬೇಕು. ಫೋಟೋ ಏರಲಿಲ್ಲ ಅಂದ್ರ ಆ ದಿನದ ಕೂಲಿಗೆ ಹೊಡ್ತ. ಕಳ್ಳತನ ನಿಂತಿತೇನು? ಫೋಟೋದ ಫೋಟೋ ಹೊಡದು ಹಾಕ್ತಾರ, ಸಂಬಂಧ ಇಲ್ಲದ ಫೋಟೋ ಏರಸ್ತಾರ ಅಂತ 2025ರ ಜುಲೈದಾಗ ಕೇಂದ್ರ ಸಚಿವಾಲಯನ ಸುತ್ತೋಲಿ ಹೊರಡಿಸ್ತು. ಕದಿಯೋರು ಕದ್ರು, ದುಡಿಯೋರು ಬಿಸಲಾಗ ನಿಂತ್ರು.

ಮುಧೋಳ_ಕಬ್ಬು
ಇಷ್ಟೆಲ್ಲಾ ಕ್ಯಾಮೆರಾ ಅದಾವಂತೀರಿ, ಸಕ್ಕರಿ ಫ್ಯಾಕ್ಟರ್ಯಾಗ ಕಬ್ಬು ತೂಗೋ ಕಾಟಾ ಮುಂದ ಒಂದು ಹಚ್ಚಿ ಅದರ ವಿಡಿಯೋ ರೈತರಿಗೆ ಯಾಕ ಕೊಡಂಗಿಲ್ರಿ? ನೋಡೋ ಹಕ್ಕು ಮ್ಯಾಲಿನವರಿಗಷ್ಟ ಏನು?

ಹೊನಗಾ_ವರ್ಕ್‌ಶಾಪ್
ಕಾಟಾದ್ದು ಬ್ಯಾರೆ ಚರ್ಚಾ ಮಾಡ್ರಿ, ಇಲ್ಲಿ ಹುಡುಗನ ಪ್ರಶ್ನಿ ತಪ್ಪಿ ಹೋಗ್ತದ.

ಮುಧೋಳ_ಕಬ್ಬು
ಬ್ಯಾರೆ ಅಲ್ರಿ, ಅದ ಪ್ರಶ್ನಿ. ಆದ್ರ ಬಿಡ್ತೀನಿ.

ಸೋಲಾಪುರರೋಡ್_ಕೋಡರ್
ವಿಜಯಪುರದಲ್ಲಿ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡ್ತೀನಿ. ನಮಗೆ ಕಂಪನಿ ಲ್ಯಾಪ್‌ಟಾಪ್‌ನಲ್ಲಿ ಪ್ರತಿ ಕೆಲವು ನಿಮಿಷಕ್ಕೆ ಸ್ಕ್ರೀನ್‌ಶಾಟ್ ಹೋಗುತ್ತೆ. ಯೋಚನೆ ಮಾಡ್ತಾ ಹಾಳೆ ಮೇಲೆ ಚಿತ್ರ ಬರೆದುಕೊಂಡ ಹೊತ್ತು ‘ಖಾಲಿ’ ಅಂತ ದಾಖಲಾಗುತ್ತೆ. ಇಂಥ ಅಳತೆ ಬಂದಲ್ಲೆಲ್ಲ ಜನ ಮೌಸ್ ಅಲ್ಲಾಡಿಸೋ ಸಾಧನ ತಗೋತಾರೆ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು 2024ರಲ್ಲಿ ಕೀಬೋರ್ಡ್ ಕೆಲಸದ ನಟನೆ ಮಾಡಿದರು ಅಂತ ಹನ್ನೆರಡಕ್ಕೂ ಹೆಚ್ಚು ಮಂದಿಯನ್ನ ತೆಗೆದುಹಾಕ್ತು. ನಟನೆ ತಪ್ಪೇ. ಆದರೆ ಮೌಸ್ ಅಲ್ಲಾಡಿದ್ದನ್ನೇ ಕೆಲಸ ಅಂತ ಎಣಿಸಿದರೆ ಜನ ಮೌಸ್ ಅಲ್ಲಾಡಿಸ್ತಾರೆ.

ಗೇಜ್ ಅವರಿಗೆ ತಾಂತ್ರಿಕವಾಗಿ ಒಂದು ಮಾತು. ಗೇಟಿನ ಒಳಗೆ ನಿಂತು ಹಜೇರಿ ಹಾಕಿದ್ದಾರೆ ಅಂತ ಖಾತ್ರಿ ಮಾಡಿಕೊಳ್ಳೋಕೆ ಆ ಒಂದು ಕ್ಷಣದ ಲೊಕೇಶನ್ ಸಾಕು. ‘ಆ್ಯಪ್ ಬಳಸುವಾಗ ಮಾತ್ರ’ ಅನ್ನೋ ಅನುಮತಿಯಲ್ಲಿ ಅದು ನಡೆಯುತ್ತೆ. ‘ಯಾವಾಗಲೂ’ ಬೇಕು ಅಂತ ಹಠ ಹಿಡಿಯೋ ಆ್ಯಪ್‌ಗೆ ಹಜೇರಿಗಿಂತ ಹೆಚ್ಚಿನದು ಬೇಕಾಗಿದೆ. ಮೈಕು, ಕಾಂಟ್ಯಾಕ್ಟ್ಸ್ ಅಂತೂ ಬೇಡವೇ ಬೇಡ. ಎಲ್ಲಕ್ಕಿಂತ ಸುಲಭ ದಾರಿ, ಗೇಟಿನಲ್ಲಿ ಕಂಪನಿಯದೇ ಒಂದು ಟ್ಯಾಬ್ಲೆಟ್ ಇಡಲಿ, ಎಲ್ಲರೂ ಅದರಲ್ಲಿ ಮುಖ ತೋರಿಸಿ ಒಳಗೆ ಹೋಗ್ತಾರೆ. ನಿಮ್ಮ ಮೊಬೈಲು ನಿಮ್ಮ ಜೇಬಲ್ಲೇ ಇರುತ್ತೆ.

ಮುಖದ ಅಳತೆ ಎಲ್ಲಿ ಇಡ್ತಾರೆ ಅಂತಲೂ ಕೇಳಿ. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು, ಮುಖ ಬದಲಿಸೋಕಾಗಲ್ಲ.

ಗೇಜ್_ಬೆಳಗಾವಿ
ಟ್ಯಾಬ್ಲೆಟ್ ವಿಚಾರ ಭಾಳ ಛಲೋ ಅನಸ್ತು. ನಮ್ಮಲ್ಲೆ ಕೆಲವರ ಕಡೆ ಬಟನ್ ಫೋನ್ ಅದಾವ, ಅವರಿಗೆ ಹೊಸಾ ಫೋನ್ ಕೊಳ್ರಿ ಅಂದಾರ.

ರಾಣಿಚನ್ನಮ್ಮ_ಓದುಗ
ವಕೀಲ ಮೇಡಂ, ಹೊರದೇಶದಾಗ ಹೆಂಗ ಐತ್ರಿ?

ಟಿಳಕವಾಡಿ_ವಕೀಲೆ
ಯುರೋಪಿನಲ್ಲಿ ಬಿಗಿ ಇದೆ. ಫ್ರಾನ್ಸಿನ ದತ್ತಾಂಶ ಪ್ರಾಧಿಕಾರ ಅಮೆಜಾನ್ ಕಂಪನಿಯ ಅಲ್ಲಿನ ಗೋದಾಮು ಘಟಕಕ್ಕೆ 3.2 ಕೋಟಿ ಯೂರೋ ದಂಡ ಹಾಕಿದ್ದನ್ನು 2024ರ ಜನವರಿಯಲ್ಲಿ ಪ್ರಕಟಿಸಿತು. ಕೆಲಸಗಾರರ ಕೈಯ ಸ್ಕ್ಯಾನರ್ 10 ನಿಮಿಷ ಸುಮ್ಮನಿದ್ದರೆ ದಾಖಲಾಗುತ್ತಿತ್ತು, ಒಂದು ವಸ್ತು ಸ್ಕ್ಯಾನ್ ಆಗಿ 1.25 ಸೆಕೆಂಡಿನೊಳಗೆ ಇನ್ನೊಂದು ಮಾಡಿದರೆ ಅವಸರ ಅಂತಲೂ ದಾಖಲಾಗುತ್ತಿತ್ತು. ನಿಧಾನವಾದರೂ ತಪ್ಪು, ಬೇಗ ಆದರೂ ತಪ್ಪು. ರೊಮೇನಿಯಾದ ಬರ್ಬುಲೆಸ್ಕು ಎಂಬ ಎಂಜಿನಿಯರ್ ಪ್ರಕರಣದಲ್ಲಿ 2017ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ ಕೇಳಿದ ಪ್ರಶ್ನೆಗಳು ನಮಗೂ ಉಪಯೋಗ: ನೋಡುತ್ತೇವೆ ಅಂತ ಮೊದಲೇ ಹೇಳಿದ್ದಿರಾ? ಎಷ್ಟು ದೂರ ನೋಡಿದಿರಿ? ಕಾರಣ ಏನು? ಇದಕ್ಕಿಂತ ಕಡಿಮೆ ನುಗ್ಗುವ ದಾರಿ ಇರಲಿಲ್ಲವೇ? ಆ ತೀರ್ಪು ಇಲ್ಲಿ ಯಾರನ್ನೂ ಕಟ್ಟುವುದಿಲ್ಲ, ಆದರೆ ಮ್ಯಾನೇಜರ್ ಮುಂದೆ ಕೂತು ಕೇಳಲು ಇದಕ್ಕಿಂತ ಒಳ್ಳೆ ಪ್ರಶ್ನೆಗಳಿಲ್ಲ.

ಆರ್‌ಪಿಡಿ_ಡೆಲಿವರಿ
ನಮ್ಮಂಥಾ ಡೆಲಿವರಿ ಹುಡುಗರಿಗೆ ಲೊಕೇಶನ್ನ ಕೆಲಸ, ಅದನ್ನ ಬಂದ್ ಮಾಡಾಕ ಬರಂಗಿಲ್ಲ. ಮಳಿಗಾಲದಾಗ ಗೋಗಟೆ ಸರ್ಕಲ್ ದಾಟಾಕ ತಡ ಆದ್ರೂ ರೇಟಿಂಗ್ ಇಳೀತದ, ಐಡಿ ಬಂದ್ ಆದ್ರ ಕಾರಣಾನೂ ಹೇಳ್ತಿರಲಿಲ್ಲ. ರಾಜ್ಯ ಸರ್ಕಾರ 2025ರಾಗ ಗಿಗ್ ಕಾರ್ಮಿಕರ ಕಾಯ್ದೆ ಮಾಡೇತಿ. ಕೆಲಸದಿಂದ ತಗೀಬೇಕಂದ್ರ 14 ದಿನ ಮೊದಲ ಕಾರಣ ಬರದು ಕೊಡಬೇಕು, ಯಂತ್ರ ಯಾವ ಲೆಕ್ಕದಾಗ ನಮ್ಮನ್ನ ನೋಡ್ತದ ಅಂತ ತಿಳಿಸಬೇಕು ಅಂತ ಅದರಾಗ ಐತಿ.

ಉದ್ಯಮಬಾಗ_ಯೂನಿಯನ್
ತಡ ಆತು ಬರಾಕ, ಎರಡನೇ ಪಾಳಿ ಇತ್ತು. ಮೇಡಂ ಕಾನೂನು ಛಲೋ ಹೇಳ್ಯಾರ, ನಾ ದಾರಿ ಹೇಳ್ತೀನಿ.

ಮೊದಲ ನಮ್ಮ ರಾಜ್ಯದಾಗ 50 ಮಂದಿ ಇದ್ದ ಕಾರಖಾನಿಗೂ ಸ್ಥಾಯಿ ಆದೇಶ (ಕೆಲಸದ ಷರತ್ತು ಬರದಿಟ್ಟ ನಿಯಮಾವಳಿ) ಇರತಿತ್ತು. 2025ರ ನವೆಂಬರ್ 21ಕ್ಕ ನಾಲ್ಕು ಕಾರ್ಮಿಕ ಸಂಹಿತೆ ಜಾರಿಗೆ ಬಂದುವು, ಈಗ 300 ಮಂದಿ ಇದ್ರಷ್ಟ. 120 ಮಂದಿ ಕಾರಖಾನಿ ಹೊರಗ ಬಿತ್ತು. ಇದು ನಮಗ ಆದ ದೊಡ್ಡ ಲುಕ್ಸಾನ. ಆದ್ರ ಆ ನಾಲ್ಕರಾಗಿನ ಕೈಗಾರಿಕಾ ಸಂಬಂಧ ಸಂಹಿತೆಯೊಳಗ 20 ಮಂದಿ ಇದ್ದಲ್ಲೆಲ್ಲಾ ಕುಂದುಕೊರತೆ ಸಮಿತಿ ಇರಬೇಕು ಅಂತೈತಿ. ಮಾಲಕರ ಕಡೆಯವರು, ಕೆಲಸಗಾರರು ಸಮ ಸಮ, ಒಟ್ಟು 10ರ ಮ್ಯಾಲ ಇರಂಗಿಲ್ಲ, ಹೆಣ್ಮಕ್ಕಳೂ ಇರಬೇಕು. ಅರ್ಜಿ ಕೊಟ್ಟ 30 ದಿನದಾಗ ಮುಗಿಸಬೇಕು. ನಿಮ್ಮಲ್ಲೆ ಐತೇನು ಕೇಳ್ರಿ. ಇಲ್ಲಂದ್ರ ಅದನ್ನೂ ಬರದು ಕೇಳ್ರಿ.

ಇನ್ನ ಶಿಸ್ತಿನ ಹೊಸಾ ನಿಯಮ ತರಬೇಕಂದ್ರ 21 ದಿನ ಮೊದಲ ನೋಟಿಸ್ ಕೊಡಬೇಕು. ಶನಿವಾರದೊಳಗ ಅಂದ್ರ ನಡಿಯಂಗಿಲ್ಲ.

ಟಿಳಕವಾಡಿ_ವಕೀಲೆ
21 ದಿನದ್ದನ್ನು ವಾದಿಸಬಹುದು, ಗೆದ್ದೇ ಗೆಲ್ಲುತ್ತೀರಿ ಅಂತ ನಂಬಿಸಬೇಡಿ ಯೂನಿಯನ್ ಅಣ್ಣಾರೆ. ನೌಕರರನ್ನು ಕೇಳಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಬಯೋಮೆಟ್ರಿಕ್ ಹಜೇರಿ ಅಕ್ರಮ ಆಗದು ಅಂತ ಒಡಿಶಾದ ಒಂದು ಸರ್ಕಾರಿ ಕಚೇರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಆದ್ದರಿಂದ ಹಜೇರಿಯೇ ಬೇಡ ಅಂತ ನಿಲ್ಲಬೇಡಿ, ಸೋಲುತ್ತೀರಿ. ಹಜೇರಿಗೆ ಬೇಕಾದಷ್ಟು ಕೊಡುತ್ತೇವೆ, ಅದಕ್ಕಿಂತ ಮೇಲೆ ಇಲ್ಲ ಅಂತ ನಿಲ್ಲಿ.

ಉದ್ಯಮಬಾಗ_ಯೂನಿಯನ್
ಒಪ್ಪಿದೆ ಮೇಡಂ. ಮತ್ತ ಒಬ್ಬನ ಹೋಗಬ್ಯಾಡ ತಮ್ಮಾ. ಒಬ್ಬ ಕೇಳಿದ್ರ ಅಂವ ತಂಟೆಕೋರ ಅಂತಾರ. ಕಾಂಟ್ರಾಕ್ಟಿನವ್ರನ್ನ ಮುಂದ ಮಾಡಬ್ಯಾಡ್ರಿ, ಅವರನ್ನ ನಾಳೆ ಬರಬ್ಯಾಡ ಅಂದುಬಿಡ್ತಾರ. ನಿಮ್ಮ ಅರ್ಜಿಗೆ ಕಾಯಮ್ ಇದ್ದವರು ಮೊದಲ ಸಹಿ ಹಾಕ್ರಿ.

ಹೊನಗಾ_ವರ್ಕ್‌ಶಾಪ್
ಮಾಲಕನಾಗಿ ಹೇಳ್ತೀನಿ, ಹತ್ತು ಮಂದಿ ಸಹಿ ಇದ್ದ ಕಾಗದ ಮೇಜಿನ ಮ್ಯಾಲ ಬಂದ್ರ ನಾವು ಓದ್ತೀವಿ. ಭಾಷಾ ಮಾತ್ರ ಸೌಮ್ಯ ಇರಲಿ.

ಟಿಳಕವಾಡಿ_ವಕೀಲೆ
ಗೇಜ್ ಅವರೇ, ಹೀಗೆ ಬರೆಯಿರಿ, ಕನ್ನಡದಲ್ಲೇ ಬರೆಯಿರಿ:

“ಹಜೇರಿ ದಾಖಲಿಸಲು ನಮ್ಮ ಸಹಕಾರ ಇದೆ. ಸಹಿ ಮಾಡುವ ಮೊದಲು ಈ ಕೆಳಗಿನದನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿ. ಯಾವ ಯಾವ ಮಾಹಿತಿ ಪಡೆಯುತ್ತೀರಿ, ಪ್ರತಿಯೊಂದೂ ಯಾತಕ್ಕೆ, ಎಷ್ಟು ದಿನ ಇಡುತ್ತೀರಿ, ಯಾರು ನೋಡುತ್ತಾರೆ, ಆ್ಯಪ್ ತಯಾರಿಸಿದ ಸಂಸ್ಥೆಗೆ ಏನು ಹೋಗುತ್ತದೆ, ಕೆಲಸ ಬಿಟ್ಟ ಮೇಲೆ ಅಳಿಸುತ್ತೀರಾ. ಪಾಳಿಯ ಹೊರಗಿನ ಲೊಕೇಶನ್, ಕಾಂಟ್ಯಾಕ್ಟ್ಸ್ ಮತ್ತು ಮೈಕ್ ಅನುಮತಿ ಕೈಬಿಡಬೇಕು. ಸ್ವಂತ ಮೊಬೈಲಿನ ಬದಲು ಗೇಟಿನಲ್ಲಿ ಸಂಸ್ಥೆಯ ಸಾಧನ ಇಡಬೇಕು. ಮಾತಿನ ಧ್ವನಿಮುದ್ರಣ ನಿಲ್ಲಿಸಬೇಕು. ಮಹಿಳೆಯರ ಕೊಠಡಿಯ ಎದುರಿನ ಕ್ಯಾಮೆರಾವನ್ನು ಕೂಡಲೇ ತೆಗೆಯಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲಿ ಬೇಕು.”

ವಡಗಾವಿ_ಮಗ್ಗ
ಮರಾಠಿಯೊಳಗೂ ಒಂದು ಪ್ರತಿ ಕೊಡ್ರಿ ಅಂತ ಬರೀರಿ. ಉದ್ಯಮಬಾಗದಾಗ ಅರ್ಧ ಮಂದಿ ಅದನ್ನ ಓದತಾರ.

ಗೇಜ್_ಬೆಳಗಾವಿ
ಹೌದ್ರಿ, ಸೇರಸ್ತೀವಿ. ಎಲ್ಲಾರಿಗೂ ಋಣಿ ಅದೀನ್ರಿ.

ಇವತ್ತಿನ ಸುದ್ದಿ: ಶಹಾಪುರ ಅಕ್ಕಾರು ಬರದದ್ದನ್ನ ನಮ್ಮ ಅಸೆಂಬ್ಲಿ ಹೆಣ್ಮಕ್ಕಳಿಗೆ ಓದಿ ತೋರಿಸಿದೆ. ಅವರ ಎಲ್ಲಾರೂ ಕೂಡಿ ಮಧ್ಯಾಹ್ನ ಮ್ಯಾನೇಜರ್ ಕಡೆ ಹೋಗಿ ಪರದೆ ತೋರಸ್ರಿ ಅಂದ್ರು. ಬಾಗಲ ತೆರದ್ರ ಅರ್ಧ ಖೋಲಿ ಕಾಣತಿತ್ತು. ಸಂಜೀಕ ಆ ಕ್ಯಾಮೆರಾ ತಗದ್ರು. ರೆಕಾರ್ಡಿಂಗ್ ಅಳಿಸ್ಯಾರೋ ಇಲ್ಲೋ ಅಂತ ಇನ್ನೂ ಹೇಳಿಲ್ಲ. ಆ್ಯಪಿಂದು ಸೋಮವಾರ ಮಾತಾಡೂಣು ಅಂದಾರ, ಶನಿವಾರದ ಗಡುವು ಬಿಟ್ಟಾರ. ಕಾಗದಕ್ಕ ಸಹಿ ಕೂಡಸಾಕತ್ತೀವಿ.

ಶಹಾಪುರ_ಅಕ್ಕ
ಭೇಷ್ ಮಾಡಿದ್ರು ನಮ್ಮ ತಂಗ್ಯಾರು. ಅಳಿಸೋ ಮೊದಲ ಅದರಾಗ ಏನಿತ್ತು, ಯಾರು ಯಾರು ನೋಡ್ಯಾರ ಅಂತ ಬರಸಿಕೋರಿ. ಆ ಮಾತು ಬಿಡಬ್ಯಾಡ್ರಿ.

ಟಿಳಕವಾಡಿ_ವಕೀಲೆ
ಅಕ್ಕಾರ ಮಾತು ಸರಿ. ಅಳಿಸಿದರೆ ಸಾಕ್ಷಿಯೂ ಹೋಗುತ್ತದೆ. ದೂರು ಕೊಡಬೇಕೋ ಬೇಡವೋ ಅಂತ ಆ ಹೆಣ್ಣುಮಕ್ಕಳು ತೀರ್ಮಾನ ಮಾಡುವ ತನಕ ಹಾಗೇ ಇಡಿ, ಯಾರೂ ತೆರೆಯಬಾರದು ಅಂತ ಇವತ್ತೇ ಬರೆದು ಕೊಡಿ.

ಉದ್ಯಮಬಾಗ_ಯೂನಿಯನ್
ಕಾಗದ ಕೊಟ್ಟಾಗ ಇನ್ನೊಂದು ಪ್ರತಿ ಮ್ಯಾಲ ಆಫೀಸಿನ ಶಿಕ್ಕಾ, ತಾರೀಖು, ಸಹಿ ತಗೋರಿ. ತಗೋಳ್ಳಂಗಿಲ್ಲ ಅಂದ್ರ ರಜಿಸ್ಟರ್ ಪೋಸ್ಟ್ ಮಾಡ್ರಿ.

ಕ್ಯಾಂಪ್_ಪೋಸ್ಟ್
ರಜಿಸ್ಟರ್ ಪೋಸ್ಟ್ ಈಗ ಇಲ್ರಿ ಅಣ್ಣಾರ, 2025ರಾಗ ಸ್ಪೀಡ್ ಪೋಸ್ಟಿನ್ಯಾಗ ಕೂಡಿಸ್ಯಾರ. ಸ್ಪೀಡ್ ಪೋಸ್ಟ್ ಮಾಡಿ, ಮುಟ್ಟಿದ್ದಕ್ಕ ಪುರಾವೆ ಬೇಕು ಅಂತ ಕೌಂಟರಿನ್ಯಾಗ ಕೇಳ್ರಿ. ರಸೀದಿ ಜೋಪಾನ ಇಟಗೋರಿ.